ಗುಮಾಸ್ತರ ಸ್ವಂತ ಅರ್ಜಿ

ಬೆಳಿಗ್ಗೆ ಎಂಟು ಗಂಟೆಗೆ ಗುಮಾಸ್ತರು ತಮ್ಮ ಅರ್ಜಿಯನ್ನು ತಾವೇ ತಿರಸ್ಕರಿಸಿದರು.

ಬೇಕೆಂದು ಮಾಡಿದ್ದಲ್ಲ. ಮೂವತ್ತೆರಡು ವರ್ಷ ತಮ್ಮೂರಿನ ಸರಕಾರಿ ಕಚೇರಿಯಲ್ಲಿ ಕೂತು ಕಂಡವರ ಅರ್ಜಿಗಳನ್ನು ಪರಿಶೀಲಿಸಿದ ಕೈ ಅದು. ಊರಿಗೆ ಯುದ್ಧ ನುಗ್ಗಿ, ಗಂಡ ಹೆಂಡತಿ ಎರಡು ಚೀಲ ಹಿಡಿದು ಗಡಿ ದಾಟಿ, ಈ ದೇಶಕ್ಕೆ ಬಂದು ಏಳು ತಿಂಗಳಾಗಿತ್ತು. ಆದರೆ ಕೆಲಸ ಹೋದ ಸುದ್ದಿ ಆ ಕೈಗೆ ಇನ್ನೂ ತಲುಪಿರಲಿಲ್ಲ. ತಾತ್ಕಾಲಿಕ ರಕ್ಷಣೆ ಕೋರುವ ಅರ್ಜಿಯ ಮೂರು ಪುಟಗಳನ್ನು ಗುಮಾಸ್ತರು ಮುತ್ತು ಪೋಣಿಸಿದಂತೆ ತುಂಬಿ, ಒಮ್ಮೆ ಮೊದಲಿನಿಂದ ಓದುತ್ತ ಬಂದರು. ನಾಲ್ಕನೆಯ ಪುಟದಲ್ಲಿ ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂಬ ಚೌಕ ಎದುರಾಯಿತು. ಹಳೆಯ ಗೆಳೆಯನನ್ನು ಕಂಡಂತೆ ಕೈ ಅತ್ತ ಹೋಯಿತು. ‘ತಿರಸ್ಕೃತ’ ಎಂಬಲ್ಲಿ ಗುರುತು ಹಾಕಿ, ‘ವಾಸಸ್ಥಳದ ರುಜುವಾತು ಲಗತ್ತಿಸಿಲ್ಲ’ ಎಂದು ಕಾರಣ ಬರೆದು, ಸಹಿ ಮಾಡಿ, ತಾರೀಖನ್ನೂ ಹಾಕಿತು. ಗುಮಾಸ್ತರು ಆ ಅರ್ಜಿಯನ್ನು ಬದಿಗಿಟ್ಟು ಮುಂದಿನ ಅರ್ಜಿಗೆ ಕೈ ಚಾಚಿದರು. ಮುಂದಿನ ಅರ್ಜಿ ಇರಲಿಲ್ಲ.

ಬದಿಗಿಟ್ಟದ್ದನ್ನೇ ಮತ್ತೆ ಎತ್ತಿ ಅರ್ಜಿದಾರರ ಹೆಸರು ಓದಿದರು.

“ಯಾಕ್ರೀ, ಸದ್ದೇ ಇಲ್ಲ?” ಎಂದಳು ಹೆಂಡತಿ. ಅವಳು ಅವರ ಅಂಗಿಯ ಗುಂಡಿಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು. ಎಡಗಣ್ಣಿಗೆ ಪೊರೆ ಪೂರ್ತಿ ಕವಿದಿತ್ತು, ಬಲಗಣ್ಣಿಗೂ ಇಳಿಯತೊಡಗಿತ್ತು. ಆಸ್ಪತ್ರೆಯವರು ಕಣ್ಣಿನ ಆಪರೇಷನ್ ಮಾಡಲು ಒಪ್ಪಿದ್ದರು, ಆದರೆ ಅರ್ಜಿ ಸ್ವೀಕರಿಸಿದ ರಸೀದಿ ತೋರಿಸಬೇಕಿತ್ತು. ಈ ತಿಂಗಳ ಪಟ್ಟಿಗೆ ಹೆಸರು ಸೇರಬೇಕಾದರೆ ಇವತ್ತು ನಾಲ್ಕು ಗಂಟೆಯೊಳಗೆ ಅರ್ಜಿ ಸಲ್ಲಿಸಬೇಕು. ಒಂದು ಕುಟುಂಬಕ್ಕೆ ಕೊಡುವುದು ಒಂದೇ ಫಾರಂ.

“ಏನಿಲ್ಲ, ಒಂದು ಸಣ್ಣ ತಪ್ಪಾಗಿದೆ” ಎಂದರು ಗುಮಾಸ್ತರು, ಸಣ್ಣ ದನಿಯಲ್ಲೇ.

ಸಣ್ಣ ದನಿಗೆ ಅಲ್ಲಿ ಬೆಲೆಯಿರಲಿಲ್ಲ. ಅವರಿದ್ದದ್ದು ಹಳೆಯ ಶಾಲೆಯೊಂದರಲ್ಲಿ. ಒಂದೊಂದು ತರಗತಿಗೆ ಎರಡೆರಡು ಸಂಸಾರ, ನಡುವೆ ಒಂದು ಪರದೆ. ಕಪ್ಪುಹಲಗೆಯ ಅರ್ಧ ಇವರಿಗೆ, ಇನ್ನರ್ಧ ಪರದೆಯಾಚೆಯ ಟೈಲರಮ್ಮನಿಗೆ. ಈಚೆ ಸೀನಿದರೆ ಆಚೆಯಿಂದ ಕಷಾಯ ಬರುತ್ತಿತ್ತು.

“ಏನು ತಪ್ಪು ಭಾವ?” ಎನ್ನುತ್ತ ಟೈಲರಮ್ಮ ಪರದೆ ಸರಿಸಿಕೊಂಡು ಬಂದೇಬಿಟ್ಟಳು. ಅವಳ ಬೆನ್ನಿಗೇ ಎದುರು ಕೋಣೆಯ ಕಂಡಕ್ಟರ್. ಈತನ ಬಸ್ಸು ಊರಲ್ಲೇ ಉಳಿದಿತ್ತು, ಗಂಟಲು ಮಾತ್ರ ಜೊತೆಗೆ ಬಂದಿತ್ತು.

ಇಬ್ಬರೂ ಫಾರಂ ನೋಡಿದರು. ಗುಮಾಸ್ತರನ್ನು ನೋಡಿದರು. ಮತ್ತೆ ಫಾರಂ ನೋಡಿದರು.

“ನಿಮ್ಮನ್ನ ನೀವೇ ವಾಪಸ್ ಕಳಿಸ್ಕೊಂಡಿದೀರಲ್ಲ ಸಾರ್” ಎಂದ ಕಂಡಕ್ಟರ್.

“ಅಭ್ಯಾಸ ಕಣಪ್ಪ. ಆ ಚೌಕ ಕಂಡ್ರೆ ಕೈ ನಿಲ್ಲಲ್ಲ.”

“ತಲೆ ಕೆಡಿಸ್ಕೋಬೇಡಿ. ಬ್ಲೇಡಲ್ಲಿ ಹಗೂರಕ್ಕೆ ಕೆರೆದ್ರೆ ಶಾಯಿ ಎದ್ದು ಬರುತ್ತೆ. ಟಿಕೆಟ್ ಮೇಲೆ ನಾನು ಎಷ್ಟು ಸಲ...” ಎಂದವನು, ಟೈಲರಮ್ಮ ತಿರುಗಿ ನೋಡಿದ್ದರಿಂದ ಮಾತು ನುಂಗಿಕೊಂಡು ಬ್ಲೇಡು ತಂದ.

ಅವನು ಕೆರೆದ. ಶಾಯಿ ಎದ್ದು ಬರಲಿಲ್ಲ, ಕಾಗದ ಎದ್ದು ಬಂತು. ಚೌಕದ ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ತೂತು ಬಿತ್ತು.

“ಬಿಡಿ ಇತ್ಲಾಗೆ. ತೂತು ಮುಚ್ಚೋದು ನನ್ನ ಕಸುಬು” ಎಂದಳು ಟೈಲರಮ್ಮ. ಬಿಳಿ ಕಾಗದ ಕತ್ತರಿಸಿ, ಅಂಟು ಸವರಿ, ತೇಪೆ ಹಾಕಿದಳು. ತೇಪೆ ನಿಜಕ್ಕೂ ಚೆನ್ನಾಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅಂಟು ಬೇಗ ಒಣಗಲೆಂದು ಅವಳು ಇಸ್ತ್ರಿಪೆಟ್ಟಿಗೆ ಇಟ್ಟಳು, ಇಟ್ಟವಳು ಕಂಡಕ್ಟರನ ಟಿಕೆಟ್ಟಿನ ವಿಚಾರ ವಿಚಾರಿಸಲು ತಿರುಗಿದಳು. ಸುಟ್ಟ ವಾಸನೆ ಮೊದಲು ಬಡಿದದ್ದು ಕಣ್ಣು ಕಾಣದ ಹೆಂಡತಿಯ ಮೂಗಿಗೆ.

ಈಗ ಫಾರಂ ಮಧ್ಯೆ ದೋಣಿಯಾಕಾರದ ಕಂದು ಕಲೆ. ಅಂಚು ಮುರುಟಿತ್ತು, ತೇಪೆ ಬಾಯಿ ಬಿಟ್ಟಿತ್ತು. ಅದನ್ನು ನೋಡಿದ ಯಾರಿಗಾದರೂ ಮೊದಲು ಈ ಫಾರಮ್ಮಿಗೇ ರಕ್ಷಣೆ ಕೊಡಬೇಕು ಅನ್ನಿಸುವಂತಿತ್ತು. ಇಷ್ಟೆಲ್ಲ ಆದರೂ ‘ತಿರಸ್ಕೃತ’ದ ಮುಂದಿನ ಗುರುತು ಮಾತ್ರ ಒಂದಿಷ್ಟೂ ಕೊಂಕದೆ ಹಾಗೇ ಕೂತಿತ್ತು.

“ಮಗು ಹರಿದುಹಾಕ್ತು ಅಂತ ಹೇಳಿ ಬೇರೆ ಫಾರಂ ಕೇಳಿ” ಎಂದ ಕಂಡಕ್ಟರ್.

“ನಮಗೆ ಮಕ್ಕಳಿಲ್ವಲ್ಲಪ್ಪ.”

“ನಮ್ಮನೇದನ್ನ ಕರ್ಕೊಂಡು ಹೋಗಿ. ಹರಿಯೋದ್ರಲ್ಲಿ ಎತ್ತಿದ ಕೈ.”

“ಸುಳ್ಳು ಹೇಳೋರನ್ನ ನಾನು ಮುಖ ನೋಡೇ ಹಿಡೀತಿದ್ದೆ. ಅಲ್ಲೂ ನನ್ನಂಥೋನು ಒಬ್ಬ ಕೂತಿರ್ತಾನೆ” ಎಂದು ಗುಮಾಸ್ತರು ಎದ್ದರು.

ಹೆಂಡತಿ ಅಂಗಿ ತೊಡಿಸಿ, ಕಾಲರು ಮುಟ್ಟಿ ಸರಿಮಾಡಿದಳು. “ಇದ್ದದ್ದು ಇದ್ದ ಹಾಗೇ ಹೇಳಿ. ನಾನೂ ಬರ್ಲಾ?”

“ಬೇಡ. ಅಲ್ಲಿ ಮೆಟ್ಟಿಲು ಜಾಸ್ತಿ. ನೀನು ಆರಾಮಾಗಿ ಕೂತಿರು, ನಾಲ್ಕರೊಳಗೆ ರಸೀದಿ ತಂದು ನಿನ್ನ ಕೈಗಿಡ್ತೀನಿ.”

ಧೈರ್ಯವಾಗಿ ಹೇಳಿದರೇನೋ ಸರಿ. ಬಾಗಿಲು ದಾಟಿದ ಮೇಲೆ ಗುಮಾಸ್ತರಿಗೆ ತಮ್ಮ ಕೈಯನ್ನೇ ಕತ್ತರಿಸಿ ಹಾಕಬೇಕೆನ್ನುವಷ್ಟು ಸಿಟ್ಟು ಬಂತು. ಗಡಿ ದಾಟುವಾಗ ಜನರ ನೂಕಾಟದಲ್ಲಿ ಈ ಕೈಯನ್ನೇ ಅಲ್ಲವೇ ಅವಳು ಗಟ್ಟಿಯಾಗಿ ಹಿಡಿದದ್ದು ಎಂದು ನೆನಪಾಗಿ, ಅದನ್ನು ಜೇಬಿನೊಳಗೆ ಬೆಚ್ಚಗೆ ಇಟ್ಟುಕೊಂಡು ನಡೆದರು.

ರಕ್ಷಣಾ ಕಚೇರಿಯ ಮೇಲ್ಮಹಡಿಯಲ್ಲಿ ಮೂರು ಕಿಟಕಿ, ಮೂರು ಸಾಲು. ಗುಮಾಸ್ತರ ಮುಂದೆ ನಲವತ್ತು ಜನ. ಹತ್ತೂವರೆಗೆ ನಿಂತವರು ಸುಮ್ಮನೆ ನಿಂತಿದ್ದರೆ ಹನ್ನೆರಡಕ್ಕೆ ಕೆಲಸ ಆಗುತ್ತಿತ್ತು. ಆದರೆ ಮುಂದಿದ್ದವನ ಫಾರಂ ಅವರ ಕಣ್ಣಿಗೆ ಬಿತ್ತು.

“ಸ್ವಾಮಿ, ಆರನೇ ಕಾಲಂ ಖಾಲಿ ಬಿಟ್ಟಿದೀರಿ.”

ಅವನು ತುಂಬಿದ. ಅವನ ಮುಂದಿನವಳು ತನ್ನದನ್ನೂ ತೋರಿಸಿದಳು. ಅದಕ್ಕೂ ಮುಂದಿನ ಮುದುಕ ಕನ್ನಡಕ ಬಿಟ್ಟುಬಂದಿದ್ದ, ಅವನಿಗೆ ಪೂರ್ತಿ ಬರೆದುಕೊಡಬೇಕಾಯಿತು. ಸ್ವಲ್ಪ ಹೊತ್ತಿಗೆ ಗುಮಾಸ್ತರು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದರು, ಅವರೆದುರು ನಾಲ್ಕನೆಯ ಸಾಲೊಂದು ತಾನಾಗಿಯೇ ಬೆಳೆದಿತ್ತು. ಏಳು ತಿಂಗಳಲ್ಲಿ ಮೊದಲ ಸಲ ಅವರ ಬೆನ್ನು ನೆಟ್ಟಗಾಗಿತ್ತು. ಸಂತೋಷ ಮಿತಿಮೀರಿ, ಫೋಟೋ ಇಲ್ಲದೆ ಬಂದ ಒಬ್ಬ ಗಡ್ಡದವನಿಗೆ “ಹೋಗಿ ನಾಳೆ ಬನ್ನಿ” ಎಂದೂ ಅಂದುಬಿಟ್ಟರು. ಆ ಮನುಷ್ಯ ಕೆಳಗಿಳಿದು ಹೋದವನು ಅರ್ಧ ಗಂಟೆಯ ಮೇಲೆ ಧುಮುಗುಟ್ಟುತ್ತ ವಾಪಸ್ ಬಂದ.

“ಆ ಬೆಂಚಿನ ಮೇಲಿರೋನು ಯಾರ್ರೀ? ಅವನು ಈ ಕಚೇರಿಯೋನೇ ಅಲ್ವಂತೆ.”

ಜನ ಗುಮಾಸ್ತರ ಕಡೆ ತಿರುಗಿದರು. “ನಾನೂ ಅರ್ಜಿ ಹಾಕೋಕೇ ಬಂದಿದೀನಿ” ಎಂದು ಅವರು ಮೆಲ್ಲನೆ ಎದ್ದು ಸಾಲಿನ ಕೊನೆಗೆ ಹೋಗಿ ನಿಂತರು. ಆಗ ಗಂಟೆ ಎರಡು.

ಅವರ ಸರದಿ ಬಂದಾಗ ಮೂರೂಕಾಲು. ಕಿಟಕಿಯೊಳಗೆ ಜಡೆಗೆ ಪೆನ್ನು ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು. ಫಾರಮ್ಮನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಅತ್ತಿತ್ತ ತಿರುಗಿಸಿದಳು.

“ಏನ್ ಸಾರ್ ಇದು?”

“ಅರ್ಜಿ ತಾಯಿ.”

“ಇದಕ್ಕೆ ಆಗಲೇ ತಿರಸ್ಕೃತ ಅಂತ ಬಿದ್ದಿದೆ. ಇದು ಯಾರ ಸಹಿ?”

“ನಂದೇ.”

ಗುಮಾಸ್ತರು ಇದ್ದದ್ದು ಇದ್ದ ಹಾಗೆ ಎಲ್ಲ ಹೇಳಿದರು. ಮೂವತ್ತೆರಡು ವರ್ಷ, ಕೈ, ಬ್ಲೇಡು, ತೇಪೆ, ಇಸ್ತ್ರಿ. ಕೊನೆಗೆ ಹೆಂಡತಿಯ ಕಣ್ಣು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದ ಹುಡುಗಿ, ಕಣ್ಣಿನ ವಿಚಾರ ಕೇಳಿ ತುಟಿ ಬಿಟ್ಟು ಗಂಭೀರಳಾದಳು.

“ವಾಸಸ್ಥಳದ ರುಜುವಾತು ಯಾಕೆ ಇಲ್ಲ ಸಾರ್?”

“ವಾಸಸ್ಥಳವೇ ಇಲ್ವಲ್ಲಮ್ಮ. ನಾವು ಹೊರಟ ಮಾರನೇ ದಿನ ಮನೆ ಬಿತ್ತಂತೆ.”

“ಅದಿಲ್ಲದೋರಿಗೇ ಅಲ್ವಾ ಸಾರ್ ಈ ಅರ್ಜಿ ಇರೋದು” ಎಂದು ಅವಳು ಎದ್ದು ಒಳಗೆ ಹೋದಳು. ಸಾಹೇಬರ ಅಪ್ಪಣೆ ಪಡೆದು ಹೊಸ ಫಾರಂ ತರಲು ಇಪ್ಪತ್ತು ನಿಮಿಷ ಹಿಡಿಯಿತು. ಕೊಡುವಾಗ ನಾಲ್ಕನೆಯ ಪುಟವನ್ನು ಪಿನ್ನು ಚುಚ್ಚಿ ಮಡಿಸಿಯೇ ಕೊಟ್ಟಳು. ಗುಮಾಸ್ತರು ಕಿಟಕಿಯ ಕಟ್ಟೆಯ ಮೇಲೇ ಬರೆದು ಮುಗಿಸಿದರು. ಹುಡುಗಿ ಕಂಪ್ಯೂಟರಿಗೆ ಸೇರಿಸಿದಳು. ಗಂಡನ ಹೆಸರು, ಹೆಂಡತಿಯ ಹೆಸರು, ಹುಟ್ಟಿದ ತಾರೀಖು. ಎಲ್ಲ ಆದ ಮೇಲೆ ಕೈ ನಿಲ್ಲಿಸಿ ಪರದೆಯನ್ನೇ ನೋಡಿದಳು.

“ಸಾರ್, ನಿಮ್ಮ ಕುಟುಂಬದ್ದು ಇನ್ನೊಂದು ಅರ್ಜಿ ಬಂದಿದೆ.”

“ಸಾಧ್ಯವೇ ಇಲ್ಲ.”

“ಕಾಲು ಗಂಟೆ ಹಿಂದೆ, ಕೆಳಗಡೆ ಕೌಂಟರಲ್ಲಿ. ಡಾಕ್ಟರ ಚೀಟಿ ಇರೋರಿಗೆ ಅಲ್ಲೇ ಫಾರಂ ಕೊಡ್ತಾರೆ. ಕುಟುಂಬದ ಮುಖ್ಯಸ್ಥೆ ಅಂತ ನಿಮ್ಮ ಮನೆಯವ್ರ ಹೆಸರಿದೆ. ಅವಲಂಬಿತ ಅಂತ ನಿಮ್ಮದು.”

ಗುಮಾಸ್ತರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟೈಲರಮ್ಮನದೇ ಈ ಉಪಾಯ. ಮೂರು ಗಂಟೆಯಾದರೂ ತಾವು ಹಿಂದಿರುಗದ್ದು ಕಂಡು ಹೆಂಡತಿಯನ್ನು ಹೊರಡಿಸಿಕೊಂಡು ಬಂದಿದ್ದಾಳೆ.

“ಎರಡು ಇದ್ರೆ ಎರಡೂ ನಿಂತುಹೋಗುತ್ತೆ ಸಾರ್, ವಿಚಾರಣೆಗೆ ಹೋಗುತ್ತೆ. ನಾಲ್ಕರೊಳಗೆ ಒಂದನ್ನ ಹಿಂದಕ್ಕೆ ತಗೊಂಡ್ರೆ ಇನ್ನೊಂದು ಪಾಸಾಗುತ್ತೆ. ಆದ್ರೆ ಮೊದಲು ನೀವು...”

ಗುಮಾಸ್ತರು ಗಡಿಯಾರ ನೋಡಿದರು. ನಾಲ್ಕಕ್ಕೆ ಆರು ನಿಮಿಷ. ಕುಟುಂಬದ ಮುಖ್ಯಸ್ಥೆ. ಮದುವೆಯಾಗಿ ಮೂವತ್ತೈದು ವರ್ಷ ಪ್ರತಿಯೊಂದು ಕಾಗದದಲ್ಲೂ ಇಂಥವರ ಹೆಂಡತಿ ಎಂದೇ ಇದ್ದವಳು. ಕಣ್ಣು ಕಾಣದೆ, ದಾರಿ ತಡವಿಕೊಂಡು ಬಂದು, ಮೊದಲ ಸಲ ತನ್ನ ಹೆಸರಲ್ಲಿ ಒಂದು ಅರ್ಜಿ ಹಾಕಿದ್ದಾಳೆ. ಅದನ್ನು ಕಿತ್ತುಹಾಕುವುದೇ? ಅವಲಂಬಿತನಂತೆ, ಇರಲಿ. ಅವಳನ್ನು ಅವಲಂಬಿಸಿಯೇ ಅಲ್ಲವೇ ತಾವು ಇಲ್ಲಿಯವರೆಗೆ ಬಂದದ್ದು.

“ನಂದು ಹಿಂದಕ್ಕೆ ತಗೋತೀನಿ. ಎಲ್ಲಿ ಸಹಿ ಹಾಕ್ಬೇಕು?”

“ಸಾರ್, ಒಂದು ನಿಮಿಷ ಕೇಳಿ ಇಲ್ಲಿ...”

“ನಿಮಿಷ ಇಲ್ಲ ತಾಯಿ, ಮೊದಲು ಕಾಗದ ಕೊಡು.”

ಆ ಕೈ ಎಷ್ಟೋ ವರ್ಷಗಳ ಮೇಲೆ ಇಷ್ಟು ಖುಷಿಯಾಗಿ ಸಹಿ ಹಾಕಿತು. ಹುಡುಗಿ ಗುಂಡಿ ಒತ್ತಿದಳು. ಗುಮಾಸ್ತರು ಎರಡೆರಡು ಮೆಟ್ಟಿಲು ಇಳಿಯುತ್ತ ಓಡಿದರು.

ತಿರುವಿನಲ್ಲಿ ಹೆಂಡತಿ ಮೇಲೆ ಹತ್ತಿ ಬರುತ್ತಿದ್ದಳು, ಒಂದು ಕೈ ಟೈಲರಮ್ಮನ ಭುಜದ ಮೇಲೆ. ಚಪ್ಪಲಿಯ ಸದ್ದಿಗೇ ನಿಂತಳು. ಮುಖದಲ್ಲಿ ನಗು ತುಂಬಿತ್ತು.

“ಆಯ್ತಲ್ಲ ನಿಮ್ಮ ಅರ್ಜಿ” ಎಂದಳು.

“ನಂದಲ್ಲ, ನಿಂದು ಆಯ್ತು. ನಂಗೆ ಎಲ್ಲ ಗೊತ್ತು, ಮುಖ್ಯಸ್ಥರೇ.”

“ಅದೀಗ ಇಲ್ಲ ಬಿಡಿ. ನಿಮ್ಮದೂ ಮೇಲ್ಗಡೆ ಸೇರಿದೆ, ಎರಡಿದ್ರೆ ಆಗಲ್ಲ ಅಂದ್ರು ಕೆಳಗಿನೋರು. ನಾನು ವಾಪಸ್ ತಗೊಂಡೆ.” ಅವಳು ಅವರ ತೋಳು ಹುಡುಕಿ ಹಿಡಿದಳು. “ಮೂವತ್ತೆರಡು ವರ್ಷ ಊರೋರ ಅರ್ಜಿ ಎಲ್ಲ ನೋಡಿದೋರು ನೀವು. ನಿಮ್ಮದೇ ಒಂದು ಹಿಂದಕ್ಕೆ ಬಂತು ಅಂದ್ರೆ ನಿಮಗೆ ಊಟ ಸೇರುತ್ತಾ? ಬೆಳಿಗ್ಗೆಯಿಂದ ಎಷ್ಟು ಒದ್ದಾಡಿದೀರಿ ಅಂತ ನಂಗೆ ಕಾಣ್ಲಿಲ್ಲ ಅಂದ್ಕೊಂಡ್ರಾ?”

ಗುಮಾಸ್ತರು ಮೆಟ್ಟಿಲ ಮೇಲೇ ಕುಸಿದು ಕೂತರು.

“ಯಾಕ್ರೀ?”

“ನಾನೂ ವಾಪಸ್ ತಗೊಂಡೆ ಕಣೇ.”

ಟೈಲರಮ್ಮ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಮೇಲೂ ಕೆಳಗೂ ಕಿಟಕಿಗಳ ಬಾಗಿಲು ಬಿದ್ದ ಸದ್ದಾಯಿತು. ಹಿಂದಕ್ಕೆ ತೆಗೆದುಕೊಂಡ ಅರ್ಜಿಗೆ ಮತ್ತೆ ಜೀವ ಬರುವುದಿಲ್ಲವೆಂದು ಗುಮಾಸ್ತರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರೇ ಜನರಿಗೆ ಎಷ್ಟೋ ಸಲ ಹೇಳಿದ್ದ ಮಾತು ಅದು.

ಕಿಟಕಿಯ ಹುಡುಗಿ ಬ್ಯಾಗು ಹಾಕಿಕೊಂಡು ಇಳಿದು ಬಂದಳು. ಮೂವರ ಮುಖ ನೋಡಿದವಳೇ ಗೋಡೆಗೊರಗಿದಳು. “ಮೊದಲು ಕೆಳಗೆ ಹೋಗಿ ಮಾತಾಡ್ಕೊಂಡು ಬನ್ನಿ ಅಂತ ಹೇಳೋಕೇ ಬಾಯಿ ತೆಗೆದಿದ್ದೆ ಸಾರ್. ಬಿಟ್ರಾ ನೀವು? ಇನ್ನು ಸೋಮವಾರ ಬರ್ಬೇಕು. ಆಪರೇಷನ್ ಮುಂದಿನ ತಿಂಗಳ ಪಟ್ಟಿಗೆ ಹೋಗುತ್ತೆ.”

ಗುಮಾಸ್ತರಿಗೆ ತಲೆ ಎತ್ತಲಾಗಲಿಲ್ಲ. “ನಿನ್ನ ಕಣ್ಣು...” ಎಂದರು.

ಹೆಂಡತಿ ಮೆಟ್ಟಿಲು ತಡವಿ ಅವರ ಪಕ್ಕದಲ್ಲೇ ಕೂತಳು. “ಒಂದು ತಿಂಗಳು ತಾನೇ. ನಿಮ್ಮ ಮುಖ ನಂಗೇನು ಹೊಸದಾ? ಅಷ್ಟು ದಿನ ಮಸುಕಾಗೇ ನೋಡ್ತೀನಿ. ಹಾಗೇ ನೋಡಿದ್ರೆ ಇನ್ನೂ ವಯಸ್ಸು ಕಮ್ಮಿ ಕಾಣುತ್ತೆ.” ಅವಳು ಮೊದಲು ನಕ್ಕಳು. ಗುಮಾಸ್ತರು ಕಣ್ಣೊರೆಸಿಕೊಂಡು ಆಮೇಲೆ ನಕ್ಕರು.

“ಸರಿ, ಏಳಿ. ಸೋಮವಾರ ಯಾರ ಹೆಸರಲ್ಲಿ ಹಾಕೋದು ಅಂತ ಇಲ್ಲೇ ತೀರ್ಮಾನ ಆಗ್ಲಿ” ಎಂದಳು ಟೈಲರಮ್ಮ.

“ಅವಳ ಹೆಸರಲ್ಲಿ” ಎಂದರು ಗುಮಾಸ್ತರು.

“ಅವ್ರ ಹೆಸರಲ್ಲಿ” ಎಂದಳು ಹೆಂಡತಿ.

“ಹೇಳಿದಷ್ಟು ಕೇಳು. ನಿನ್ನ ಹೆಸರಲ್ಲೇ.”

“ಆಗಲ್ಲ ಅಂದ್ರೆ ಆಗಲ್ಲ. ನಿಮ್ಮದರಲ್ಲೇ.”

ಗೇಟಿಗೆ ಬೀಗ ಹಾಕಲು ಬಂದ ಕಾವಲುಗಾರ ಸ್ವಲ್ಪ ಹೊತ್ತು ಕಾದ. ಆಮೇಲೆ ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಕೆಳಗಿನ ಮೆಟ್ಟಿಲ ಮೇಲೆ ಕೂತ.