ಆಫ್ರಿಕಾಕ್ಕೆ ಒಂದು ಸಣ್ಣ ಕಟ್ಟು

ಇನ್ಶೂರೆನ್ಸ್ ಮಾರಲು ಬಂದವರಿಗೆ ನಾನು ಇಲ್ಲವೆನ್ನಬಲ್ಲೆ. ಸಂಘದ ನಾಟಕದಲ್ಲಿ ಮಂತ್ರಿಯ ಪಾತ್ರ ಮಾಡಿ ಎಂದವರಿಗೂ ಇಲ್ಲವೆನ್ನಬಲ್ಲೆ. ಆದರೆ ಕಂದು ಟೇಪು ಸುತ್ತಿದ ಕಟ್ಟೊಂದನ್ನು ಕೈಗಿಟ್ಟು, ‘ಹೇಗೂ ಹೋಗ್ತೀರಲ್ಲ, ಇದೊಂದು ಸಣ್ಣದು’ ಎಂದವರಿಗೆ ಇಲ್ಲವೆನ್ನುವ ವಿದ್ಯೆ ದುಬೈಯಲ್ಲಿ ಇಷ್ಟು ವರ್ಷ ಕಳೆದರೂ ನನಗೆ ಒಲಿದಿಲ್ಲ. ಗಲ್ಫಿನಲ್ಲಿರುವ ನಮ್ಮ ಕರಾವಳಿಯವರ ಕಣ್ಣಿಗೆ ಪ್ರಯಾಣ ಹೊರಟವನು ಮನುಷ್ಯನಾಗಿ ಕಾಣುವುದಿಲ್ಲ, ಜಾಗ ಉಳಿದಿರುವ ಸೂಟ್‌ಕೇಸಾಗಿ ಕಾಣುತ್ತಾನೆ. ಊರಿಗೆ ಹೊರಟಾಗ ಬಿಡಿ, ಒಮ್ಮೆ ಹರ್ನಿಯಾ ಆಪರೇಷನ್ನಿಗೆಂದು ಅಬುಧಾಬಿಗೆ ಹೊರಟಾಗಲೂ ದುಬೈಯ ದೇರಾ ಪೇಟೆಯ ಗೆಳೆಯನೊಬ್ಬ ಅಬುಧಾಬಿಯ ಖಲೀಫಾ ಸಿಟಿಯಲ್ಲಿರುವ ತನ್ನ ಅತ್ತಿಗೆಗೆಂದು ಹಲಸಿನ ಹಪ್ಪಳದ ಕಟ್ಟು ಕೊಟ್ಟಿದ್ದ. ಆ ಅತ್ತಿಗೆ ಆಸ್ಪತ್ರೆಗೇ ಬಂದರು. ನನ್ನ ಹೊಲಿಗೆ ಹೇಗಿದೆ ಎಂದು ಕೇಳುವ ಮೊದಲು ಹಪ್ಪಳ ಮುರಿದಿದೆಯೇ ಎಂದು ನೋಡಿದರು. ಎರಡು ಮುರಿದಿದ್ದವು. ಸಿಕ್ಕಾಗಲೆಲ್ಲ ಅದನ್ನು ಈಗಲೂ ಹೇಳುತ್ತಾರೆ.

ಇಂಥ ನಾನು ಆಫ್ರಿಕಾದ ಕಾಡಿಗೆ, ಅದೂ ಅತಿ ಶ್ರೀಮಂತರು ಮಾತ್ರ ಹೋಗುವ ಖಾಸಗಿ ಸಫಾರಿಗೆ ಹೋಗಿ ಬಂದೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಆಫೀಸಿನಲ್ಲಿ ಇನ್ನೂ ಅರ್ಧ ಜನ ನಂಬಿಲ್ಲ. ನಾನಿರುವುದು ದೇರಾದಲ್ಲಿ ಟೈಲ್ಸು, ಕಮೋಡು, ನಲ್ಲಿಗಳನ್ನು ಸಗಟಾಗಿ ಮಾರುವ ಒಂದು ಕಂಪನಿಯಲ್ಲಿ. ಅಲ್ಲಿ ಹನ್ನೊಂದು ವರ್ಷದಿಂದ ನನ್ನ ಕುರ್ಚಿ ಟಾಯ್ಲೆಟ್ಟಿನ ಬಾಗಿಲಿಗೆ ತಾಗಿಕೊಂಡೇ ಇದೆ. ಒಳಗೆ ಹೋಗುವವರೂ ಹೊರಗೆ ಬರುವವರೂ ನನ್ನ ಮೇಜಿನ ಮೇಲೆ ಕೈಯೂರಿ ‘ಹೇಗಿದ್ದೀರಿ’ ಎನ್ನುತ್ತಾರೆ. ಹೊರಗೆ ಬರುವವರ ಕೈ ಒದ್ದೆಯಾಗಿರುತ್ತದೆ. 2014ರಲ್ಲಿ ಒಂದು ದಿನ ಧೈರ್ಯ ಮಾಡಿ ಮುದೀರನ, ಅಂದರೆ ನಮ್ಮ ಮ್ಯಾನೇಜರ್ ಸಾಹೇಬನ ಕೋಣೆಗೆ ಹೋಗಿ, ಕಿಟಕಿಯ ಬಳಿ ಒಂದು ಜಾಗ ಕೊಡಿ ಎಂದು ಕೇಳಿದೆ. ಆತ ಡ್ರಾಯರಿನಿಂದ ಒಂದು ಲಕೋಟೆ ತೆಗೆದ. ನಲ್ಲಿ ತಯಾರಿಸುವ ಕಂಪನಿಯೊಂದು ಆತನಿಗೆ ಬಹುಮಾನವಾಗಿ ಕೊಟ್ಟ ಸಫಾರಿ ಅದು, ಇಬ್ಬರಿಗೆ. ಅಂಥದ್ದನ್ನು ಆತ ಮೂರು ಸಲ ನೋಡಿ ಮುಗಿಸಿದ್ದ. ‘ಹಬೀಬಿ, ವಿಂಡೋ ಮಾಫಿ. ಐ ಗಿವ್ ಯು ಆಫ್ರಿಕಾ. ಟೇಕ್ ಮೇಡಂ, ಸೀ ಲಯನ್. ಖಲಾಸ್!’ ಎಂದ. ಮಾಫಿ ಎಂದರೆ ಅರಬಿಯಲ್ಲಿ ಇಲ್ಲ ಎಂದು. ಕುರ್ಚಿ ಕೇಳಿದವನಿಗೆ ಖಂಡವನ್ನೇ ಕೊಟ್ಟ ಧಾರಾಳಿ.

ಸುದ್ದಿ ನಮ್ಮ ಇಂಟರ್‌ನ್ಯಾಷನಲ್ ಸಿಟಿಯ ಕಟ್ಟಡವಿಡೀ ಹಬ್ಬಲು ಒಂದು ಸಂಜೆ ಸಾಕಾಯಿತು. ಇಬ್ಬರಿಗಷ್ಟೇ ಟಿಕೆಟ್ಟಾದ್ದರಿಂದ ಹದಿಮೂರು ವರ್ಷದ ಮಗ ಪ್ರಣವನನ್ನು ಎಲ್ಲಿ ಬಿಡುವುದೆಂದು ನಾನೂ ಹೆಂಡತಿ ಶಶಿಕಲಾಳೂ ತಲೆ ಕೆಡಿಸಿಕೊಂಡಿದ್ದಾಗ, ಕೆಳಗಿನ ಮನೆಯ ಜುಲಿಯಾನ ಬಾಯಿ ತಾವಾಗಿಯೇ ಮೇಲೆ ಬಂದರು. ಬಜಪೆಯವರು, ಇಲ್ಲೊಂದು ಕ್ಲಿನಿಕ್ಕಿನಲ್ಲಿ ನರ್ಸು. ‘ಮಗನನ್ನು ನಮ್ಮಲ್ಲಿ ಬಿಡಿ ಉಪಾಧ್ಯರೇ, ನನ್ನ ಮಕ್ಕಳೊಟ್ಟಿಗೆ ಇರ್ತಾನೆ. ಮೊಟ್ಟೆ ಸಹ ಕೊಡುವುದಿಲ್ಲ, ದೇವರಾಣೆ,’ ಎಂದರು. ನಾವು ಕೃತಜ್ಞತೆಯಿಂದ ಕರಗಿಹೋದೆವು. ಪೂರ್ತಿ ಕರಗಿದ ಮೇಲೆ ಅವರು ಸೆರಗಿನಡಿಯಿಂದ ಕಟ್ಟು ತೆಗೆದರು.

‘ನಮ್ಮ ತಮ್ಮ ರೋನಿ ಉಂಟಲ್ಲ, ಅವನು ಆಫ್ರಿಕಾದಲ್ಲೇ ಇರುವುದು. ಅಲ್ಲಿ ಕಾಡಿನ ಹೋಟೆಲಿನಲ್ಲಿ ಕುಕ್ಕು. ನಿಮಗೆ ದಾರಿಯಲ್ಲೇ ಸಿಗ್ತಾನೆ.’

ಆಫ್ರಿಕಾ ಮೂಡಬಿದಿರೆಯಷ್ಟು ದೊಡ್ಡದೆಂದು ಅವರು ತಿಳಿದಂತಿತ್ತು. ವಿಚಾರಿಸಿದರೆ, ವಿಚಿತ್ರವೆಂದರೆ, ಈ ರೋನಿಯ ಹೋಟೆಲು ನಾವು ಹೋಗುವಲ್ಲಿಂದ ಎರಡು ಗಂಟೆಯ ದಾರಿ ಮಾತ್ರ. ನನ್ನ ಅದೃಷ್ಟ ಯಾವಾಗಲೂ ಇಂಥ ವಿಷಯಗಳಲ್ಲೇ ಚುರುಕಾಗಿ ಕೆಲಸ ಮಾಡುತ್ತದೆ. ಕಟ್ಟಿನಲ್ಲಿದ್ದದ್ದು ಒಂದು ಬಾಟಲಿ ಒಣ ಸಿಗಡಿ ಚಟ್ನಿ. ‘ಅಮ್ಮ ಮಾಡಿದ್ದು,’ ಎಂದರು ಜುಲಿಯಾನ ಬಾಯಿ. ‘ಇದು ಮಾಡಿದ ಮರುವಾರವೇ ಬಿದ್ದು ಸೊಂಟ ಮುರೀತು. ಇನ್ನು ಅಡುಗೆಕೋಣೆಗೆ ಹೋಗುವುದಿಲ್ಲ ಅವರು. ರೋನಿ ಊರಿಗೆ ಹೋಗದೆ ಮೂರು ವರ್ಷ ಆಯ್ತು. ಇದೇ ಕಡೆಯದ್ದು.’ ಏಕಾದಶಿಗೆ ಈರುಳ್ಳಿಗೂ ರಜೆ ಕೊಡುವ ಮನೆ ನಮ್ಮದು. ಆದರೂ ಈ ಮಾತಿಗೆ ಏನು ಹೇಳುವುದು? ಶಶಿಕಲಾ ಒಂದೇ ಷರತ್ತು ಹಾಕಿದಳು. ಅದು ಅವಳ ಸೂಟ್‌ಕೇಸಿಗೆ ಬರಕೂಡದು. ಹೀಗೆ ಮೂರು ಪ್ಲಾಸ್ಟಿಕ್ ಕವರಿನೊಳಗೆ, ನನ್ನ ಬನಿಯನ್ನುಗಳ ನಡುವೆ, ಬಜಪೆಯ ಸಿಗಡಿ ಆಫ್ರಿಕಾಕ್ಕೆ ಹೊರಟಿತು.

ಅಲ್ಲಿಯ ಐಷಾರಾಮವನ್ನು ಏನೆಂದು ಬಣ್ಣಿಸಲಿ! ನಮಗೆ ಕೊಟ್ಟದ್ದು ಡೇರೆ. ಮಂಚ, ದೀಪದ ಗೊಂಚಲು, ಬರೆಯುವ ಮೇಜು, ಎಲ್ಲ ಇರುವ ಡೇರೆ. ಬಾಗಿಲಿಗೆ ಮಾತ್ರ ಜಿಪ್ಪು. ಸ್ನಾನ ಆಕಾಶದ ಕೆಳಗೆ, ಸುತ್ತ ಗೋಡೆಯಿಲ್ಲ. ನಮ್ಮ ಊರಿನಲ್ಲಿ ಗೋಡೆಯಿಲ್ಲದ ಬಚ್ಚಲಿಗೆ ಬಡತನ ಎನ್ನುತ್ತಿದ್ದರು, ಇಲ್ಲಿ ಅದಕ್ಕೇ ಜನ ಒಂದು ವರ್ಷ ಮೊದಲೇ ಬುಕ್ ಮಾಡುತ್ತಾರಂತೆ. ಕಾರಿನಿಂದ ಇಳಿದೊಡನೆ ಬಿಸಿ ಟವೆಲು, ಮುಖ ಒರೆಸಿ ಮುಗಿಸುವಷ್ಟರಲ್ಲಿ ತಣ್ಣನೆಯ ಟವೆಲು. ನಮ್ಮ ಗೈಡು ಸಿಫೋ ಎಂಬ ಹಸನ್ಮುಖಿ. ಅವನು ನಿಯಮಗಳನ್ನು ಹೇಳಿ ಕೊನೆಗೆ, ಡೇರೆಯಲ್ಲಿ ತಿನ್ನುವ ವಸ್ತು ಇಡಕೂಡದು, ಬಬೂನ್ ಎಂಬ ದೊಡ್ಡ ಕೋತಿಗಳ ಕಾಟವಿದೆ ಎಂದ. ‘ಎನಿ ಫುಡ್ ಇನ್ ದ ಬ್ಯಾಗ್, ಸರ್?’

‘ನೋ ಫುಡ್,’ ಎಂದೆ.

ಸುಳ್ಳು ಹೇಳಿದೆನೆಂದು ದಯವಿಟ್ಟು ತಿಳಿಯಬೇಡಿ. ನನಗೆ ಆ ಕ್ಷಣ ಬಾಟಲಿಯ ನೆನಪೇ ಆಗಲಿಲ್ಲ. ಕಟ್ಟು ಎಂದರೆ ಕಟ್ಟು, ಅದು ಇನ್ನೊಬ್ಬರದ್ದು. ಅದರೊಳಗೆ ಇರುವುದು ತಿನ್ನುವಂಥದ್ದು ಎಂಬ ಆಲೋಚನೆ ಕೊಂಡೊಯ್ಯುವವನಿಗೆ ಬರಬಾರದು. ಬಂದರೆ ಅವನು ಕೊಂಡೊಯ್ಯಲು ಯೋಗ್ಯನಲ್ಲ. ಶಶಿಕಲಾಳ ಚೀಲದಲ್ಲಿ ಹುಳಿಯವಲಕ್ಕಿ ಇತ್ತು. ಅದೂ ತಿಂಡಿಯಲ್ಲ. ಅದು ‘ದಾರಿಗೆ ಇರಲಿ’ ಎಂದು ಇಟ್ಟದ್ದು.

ಊಟ ಮುಗಿಸಿ ಬಂದರೆ ಡೇರೆಯ ಮುಂದೆ ಬಬೂನೊಂದು ಕುಳಿತು, ಅವಸರವಿಲ್ಲದೆ ಜಿಪ್ಪನ್ನು ಪರೀಕ್ಷಿಸುತ್ತಿತ್ತು. ನಮ್ಮನ್ನು ಕಂಡು ಸ್ವಲ್ಪ ಸರಿದು ಕುಳಿತಿತು, ಅಷ್ಟೇ. ಅದರ ಮುಖದಲ್ಲಿ ನಾಳೆ ಬರುತ್ತೇನೆ ಎಂಬ ಭಾವವಿತ್ತು. ರೋನಿಗೆ ಫೋನು ಮಾಡಿದರೆ ಅವನಿಗೆ ರಜೆ ಮೂರನೆಯ ದಿನ ಮಧ್ಯಾಹ್ನ ಮಾತ್ರ. ಅಲ್ಲಿಯವರೆಗೆ ಬಾಟಲಿ ಉಳಿಯಬೇಕು. ಸರಿ, ಆ ಸಂಜೆಯ ಸಫಾರಿಗೆ ಅದನ್ನು ಚೀಲದಲ್ಲಿ ಹಾಕಿ ಜತೆಗೇ ಒಯ್ದೆ.

ತೆರೆದ ಜೀಪು. ನಮ್ಮ ಮುಂದಿನ ಸಾಲಿನಲ್ಲಿ ಯುರೋಪಿನ ಒಬ್ಬ ಗಂಡ, ಒಬ್ಬಳು ಹೆಂಡತಿ, ಮೊಣಕೈಯುದ್ದದ ಎರಡು ಕ್ಯಾಮೆರಾ. ಇಂಪಾಲ ಎಂಬ ಜಿಂಕೆಗಳನ್ನು ಬೇಸರ ಬರುವಷ್ಟು ನೋಡಿದೆವು. ಅರ್ಧ ಗಂಟೆ ಕಳೆದಿರಬೇಕು, ಆಕೆ ಮೂಗು ಮೇಲೆತ್ತಿದಳು. ಗಂಡನೂ ಎತ್ತಿದ. ಸಿಫೋ ಜೀಪು ನಿಲ್ಲಿಸಿ, ಗಾಳಿಯನ್ನು ಮೂಸಿ, ಪಿಸುದನಿಯಲ್ಲಿ ಹೇಳಿದ: ಹತ್ತಿರದಲ್ಲೇ ಎಲ್ಲೋ ಸತ್ತ ಪ್ರಾಣಿಯಿದೆ, ಸಿಂಹ ಬೇಟೆಯಾಡಿರಬೇಕು. ಕ್ಯಾಮೆರಾಗಳು ಮೇಲೆದ್ದವು. ಮುಕ್ಕಾಲು ಗಂಟೆ ನಾವು ಆ ಪೊದೆ ಈ ಪೊದೆ ಸುತ್ತಿದೆವು. ಎಲ್ಲಿ ಹೋದರೂ ವಾಸನೆ ಅಷ್ಟೇ ಇತ್ತು. ಆಫ್ರಿಕಾದ ಬಿಸಿಲಿಗೆ ಮೂರು ಕವರು ಸಾಲದಾಗಿತ್ತು. ಸತ್ತ ಪ್ರಾಣಿ ನನ್ನ ತೊಡೆಯ ಮೇಲಿದೆಯೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಶಶಿಕಲಾ ಮಾತ್ರ ತುಟಿ ಅಲುಗಿಸದೆ, ‘ಮನೆಗೆ ಹೋಗಿ ಹೇಳ್ತೇನೆ ನಿಮಗೆ,’ ಎಂದಳು. ಅವಳು ಮನೆ ಎಂದದ್ದು ಡೇರೆಗೆ.

ಇನ್ನು ಬಾಟಲಿಯನ್ನು ಹೊರಗೆ ಒಯ್ಯುವಂತಿಲ್ಲ, ಒಳಗೆ ಬಿಟ್ಟು ಹೋಗುವಂತೆಯೂ ಇಲ್ಲ. ಉಳಿದದ್ದು ಒಂದೇ ದಾರಿ. ಮರುದಿನ ಬೆಳಗಿನ ಸಫಾರಿಗೆ ಶಶಿಕಲಾ ಒಬ್ಬಳೇ ಹೋದಳು, ಸಂಜೆಯದಕ್ಕೂ ಅವಳೊಬ್ಬಳೇ. ಸರ್ ಏಕೆ ಬರಲಿಲ್ಲವೆಂದು ಸಿಫೋ ಕೇಳಿದ್ದಕ್ಕೆ ‘ಮೆಡಿಟೇಷನ್’ ಎಂದಳಂತೆ. ಭಾರತದವರ ಬಗ್ಗೆ ಅಲ್ಲಿ ಗೌರವ ಹೆಚ್ಚಿ, ನನಗೆ ಬೇಯಿಸಿದ ಬೀಟ್‌ರೂಟು ಮತ್ತು ಬಿಸಿನೀರು ಕಳಿಸಿಕೊಟ್ಟರು. ದೊರೆಗಳು ಬಂದು ತಂಗುವ ಜಾಗದಲ್ಲಿ ನಾನು ಜಿಪ್ಪು ಎಳೆದುಕೊಂಡು, ಕೊಡೆ ಹಿಡಿದುಕೊಂಡು, ಸಿಗಡಿಗೆ ವಾಚ್‌ಮನ್ನಾಗಿ ಕುಳಿತೆ. ಹೊರಗೆ ಬಬೂನೂ ಕುಳಿತಿತ್ತು. ನಮ್ಮಿಬ್ಬರ ಧ್ಯಾನ ಒಂದೇ ವಸ್ತುವಿನ ಮೇಲಿತ್ತು.

ಮೂರನೆಯ ದಿನ ಬೆಳಿಗ್ಗೆ ಸಿಫೋ ಓಡಿಬಂದ. ನದಿಯ ತಿರುವಿನಲ್ಲಿ ಸಿಂಹದ ಸಂಸಾರವೇ ಇದೆ, ಕೂಡಲೇ ಹೊರಡಬೇಕು. ‘ಬನ್ನಿ ಮಾರಾಯ್ರೆ, ಇದೊಂದು ಸಲ,’ ಎಂದಳು ಶಶಿಕಲಾ. ‘ಒಂದು ಬಾಟಲಿ ಹೋದ್ರೆ ಹೋಯ್ತು. ಸಿಂಹ ಪುನಃ ಸಿಗ್ತದಾ?’

ನಾನು ಚಪ್ಪಲಿ ಹಾಕಿದ್ದೆ, ಸುಳ್ಳು ಯಾಕೆ ಹೇಳಲಿ. ಜೀಪಿನವರೆಗೂ ಹೋದೆ. ತಿರುಗಿ ನೋಡಿದರೆ ಬಬೂನು ಡೇರೆಯ ಮೆಟ್ಟಿಲೇರುತ್ತಿತ್ತು. ಸಿಂಹ ಪುನಃ ಸಿಗುವುದಿಲ್ಲ, ನಿಜ. ಆದರೆ ಆ ಮುದುಕಿ ಪುನಃ ಒಲೆಯ ಮುಂದೆ ನಿಲ್ಲುವುದೂ ಇಲ್ಲವಲ್ಲ. ವಾಪಸು ಓಡಿದೆ. ಅಷ್ಟರಲ್ಲಿ ಅದು ಜಿಪ್ಪನ್ನು ಒಂದು ಗೇಣು ಎಳೆದು, ಒಳಗೆ ಕೈಹಾಕಿ ಬಾಟಲಿಯ ಕವರನ್ನು ಹಿಡಿದಿತ್ತು. ನಾನು ಒಂದು ತುದಿ ಹಿಡಿದೆ. ಅದು ಹಲ್ಲು ತೋರಿಸಿತು. ಅಂಥ ಹಲ್ಲನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಇನ್ನೊಂದು ಕೈಯನ್ನು ಜಿಪ್ಪಿನೊಳಗೆ ಹಾಕಿ, ಸಿಕ್ಕಿದ ಹುಳಿಯವಲಕ್ಕಿಯ ಡಬ್ಬಿಯನ್ನು ದೂರ ಎಸೆದೆ. ಬಬೂನು ಅದನ್ನೊಮ್ಮೆ, ಇದನ್ನೊಮ್ಮೆ ನೋಡಿ, ಇದನ್ನು ಬಿಟ್ಟು ಅದರ ಹಿಂದೆ ಹೋಯಿತು. ಶಶಿಕಲಾಳ ಹುಳಿಯವಲಕ್ಕಿಯನ್ನು ಕಡೆಯ ಕರಿಬೇವಿನೆಲೆಯವರೆಗೂ ತಿಂದಿತು. ಆಮೇಲೆ ಬಹಳ ಹೊತ್ತು ಡೇರೆಯ ಪಕ್ಕದ ಕೊಳದಲ್ಲಿ ಬಾಯಿಟ್ಟು ನೀರು ಕುಡಿಯಿತು.

ಶಶಿಕಲಾ ಬಂದು ಸಿಂಹದ ವರದಿ ಒಪ್ಪಿಸಿದಳು. ಗಂಡು ಒಂದು, ಹೆಣ್ಣು ಎರಡು, ಮರಿ ನಾಲ್ಕು, ಹತ್ತು ಮಾರು ದೂರದಲ್ಲಿ. ನನ್ನ ಹೊಟ್ಟೆ ಉರಿಯಿತು. ಮಧ್ಯಾಹ್ನ ರೋನಿ ಬಂದ. ಮೂವತ್ತರ ಹುಡುಗ, ಬಿಳಿ ಕೋಟು ಹಾಕಿಯೇ ಬಂದಿದ್ದ. ಬಾಟಲಿ ಕೈಗೆ ಕೊಟ್ಟೊಡನೆ ಅಲ್ಲೇ ನಿಂತು ಮುಚ್ಚಳ ತೆಗೆದು, ಕಿರುಬೆರಳಿನಲ್ಲಿ ಒಂದಿಷ್ಟು ನಾಲಗೆಗೆ ಹಚ್ಚಿದ. ‘ಉಪ್ಪು ಹೆಚ್ಚಾಗಿದೆ ಸರ್,’ ಎಂದ. ‘ಅಮ್ಮನಿಗೆ ಕೈ ಅಳತೆ ತಪ್ಪಿದೆ. ಮುಂಚೆ ಹೀಗೆ ಆಗ್ತಿರಲಿಲ್ಲ.’ ಹಾಗೆನ್ನುತ್ತ ಇನ್ನಷ್ಟು ತಿಂದ, ಕಣ್ಣೊರೆಸಿಕೊಂಡ. ಮೂರು ದಿನ ನಾನು ಗೊಣಗಿದ್ದಕ್ಕೆಲ್ಲ ನನಗೇ ನಾಚಿಕೆಯಾಯಿತು. ಈ ನಾಚಿಕೆ ಐದು ನಿಮಿಷ ಇದ್ದಿರಬೇಕು. ಅಷ್ಟರಲ್ಲಿ ರೋನಿ ತನ್ನ ಕಾರಿನಿಂದ ನನ್ನ ಸೊಂಟದೆತ್ತರದ ಮರದ ಜಿರಾಫೆಯೊಂದನ್ನು ಇಳಿಸಿ, ‘ಅಮ್ಮನಿಗೆ. ಹೇಗೂ ಹೋಗ್ತೀರಲ್ಲ ಸರ್,’ ಎಂದ.

ದುಬೈಗೆ ಬಂದ ಮೇಲೆ ಮುದೀರ ಸಿಂಹ ನೋಡಿದೆಯಾ ಎಂದು ಕೇಳಿದ. ಇಲ್ಲವೆನ್ನಲು ಇಲ್ಲೂ ಬಾಯಿ ಬರಲಿಲ್ಲ. ಹೇಗಿತ್ತು ಎಂದ. ದಿನವಿಡೀ ಮಲಗಿರುತ್ತದೆ, ದುಡಿಯುವವರು ಬೇರೆ, ಮೊದಲ ಪಾಲು ಅದಕ್ಕೆ, ಎದುರಿಗೆ ನಿಂತವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದೆ. ‘ಎಕ್ಸಾಕ್ಟ್‌ಲಿ!’ ಎಂದು ಆತ ಮೇಜು ಕುಟ್ಟಿದ. ಆತನನ್ನೇ ನೋಡುತ್ತ ಹೇಳಿದ್ದರಿಂದ ನನಗೆ ವಿವರಗಳಿಗೆ ಕಷ್ಟವಾಗಲಿಲ್ಲ.

ಜಿರಾಫೆ ಈಗ ನಮ್ಮ ಹಾಲಿನಲ್ಲಿ, ಟಿವಿಯ ಪಕ್ಕದಲ್ಲಿ ನಿಂತಿದೆ. ಏಪ್ರಿಲಿನಲ್ಲಿ ನಾವು ಊರಿಗೆ ಹೋಗುವಾಗ ಅದನ್ನು ಬಜಪೆಗೆ ತಲುಪಿಸುವುದೆಂದು ಜುಲಿಯಾನ ಬಾಯಿ ತೀರ್ಮಾನಿಸಿದ್ದಾರೆ. ಮೊನ್ನೆ ಊಟದ ಹೊತ್ತಿಗೆ ಪ್ರಣವನಿಗೆ ನನ್ನ ಬಬೂನ್ ಯುದ್ಧದ ಕಥೆಯನ್ನು ಪೂರ್ತಿಯಾಗಿ, ಕೊಡೆ ಬೀಸಿ ತೋರಿಸುತ್ತ ಹೇಳಿದೆ. ಅವನು ಮೊಬೈಲಿನಿಂದ ತಲೆಯೆತ್ತಿ ಕೇಳಿದ: ‘ಪಪ್ಪಾ, ವೈ ಡಿಡಂಟ್ ಯು ಜಸ್ಟ್ ಗಿವ್ ಇಟ್ ಟು ರಿಸೆಪ್ಷನ್? ದೇ ಹ್ಯಾವ್ ಅ ಫ್ರಿಜ್.’

ಶಶಿಕಲಾ ಸಾರು ಬಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವಳಿಗೂ ಇದು ಹೊಳೆದಿರಲಿಲ್ಲವೆಂಬುದೊಂದೇ ನನಗೆ ಸಮಾಧಾನ. ಕಟ್ಟನ್ನು ಕೊಟ್ಟದ್ದು ನನ್ನ ಕೈಗೆ, ಕೊಡಬೇಕಾದ್ದು ಅವನ ಕೈಗೆ, ನಡುವೆ ಫ್ರಿಜ್ಜು ಬರುವುದು ಪದ್ಧತಿಯಲ್ಲ ಎಂದೇನೋ ಹೇಳಲು ಹೊರಟೆ. ಅಷ್ಟರಲ್ಲಿ ಅವನು ಪುನಃ ಮೊಬೈಲಿಗೆ ಇಳಿದಾಗಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಸುಲಭದ ಉಪಾಯ ಹೊಳೆಯುವ ತಲೆ ನನಗಿದ್ದಿದ್ದರೆ ಹನ್ನೊಂದು ವರ್ಷ ನಾನು ಟಾಯ್ಲೆಟ್ಟಿನ ಬಾಗಿಲಲ್ಲಿ ಕುಳಿತಿರುತ್ತಿರಲಿಲ್ಲ.