ರೈಲು ಹಿಡಿಯುವ ಓಟ

ಆ ಸೋಮವಾರ ಓಂಕಾರಪ್ಪ ಮೇಷ್ಟ್ರು ರೈಲು ತಪ್ಪಿಸಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಹಿಡಿದರು. ಅಲ್ಲೇ ಕೆಟ್ಟರು.

ಅವರ ಮನೆ ಶಿವಮೊಗ್ಗದಲ್ಲಿ, ಕೆಲಸ ಭದ್ರಾವತಿಯ ಒಂದು ಪ್ರೈಮರಿ ಸ್ಕೂಲಿನಲ್ಲಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರಬೇಕು. ಮನೆಯಲ್ಲಿ ಮೂರು ತಿಂಗಳ ಹೆಣ್ಣು ಕೂಸು. ರಾತ್ರಿಯೆಲ್ಲ ಅತ್ತು ಬೆಳಗಿನ ಜಾವ ಅದು ಮಲಗುವ ಹೊತ್ತಿಗೆ ಮೇಷ್ಟ್ರು ಏಳಬೇಕು. ಹಾಗಾಗಿ ವಾರಕ್ಕೆ ನಾಲ್ಕು ದಿನವಾದರೂ ಸ್ಟೇಷನ್ನಿಗೆ ಓಡಿಯೇ ಹೋಗುತ್ತಿದ್ದರು. ಒಂದು ಕೈಯಲ್ಲಿ ಪಂಚೆಯ ಚುಂಗು, ಇನ್ನೊಂದು ಕೈಯಲ್ಲಿ ಕೊಡೆ, ಕಂಕುಳಲ್ಲಿ ಚಪ್ಪಲಿ.

ಆ ದಿನ ಅವರು ಪ್ಲಾಟ್‌ಫಾರಂ ಮುಟ್ಟುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತ್ತು. ಮೇಷ್ಟ್ರು ಕಣ್ಣುಮುಚ್ಚಿ ಶಿವನನ್ನು ನೆನೆದು ಓಡಿದರು. ಪ್ಲಾಟ್‌ಫಾರಂ ಮುಗಿಯಲು ಇನ್ನು ನಾಲ್ಕು ಮಾರು ಇದೆ ಎನ್ನುವಾಗ ಕೊನೆಯ ಡಬ್ಬಿಯ ಹಿಡಿ ಕೈಗೆ ಸಿಕ್ಕಿತು. ಒಳಗಿನಿಂದ ಯಾರೋ ರಟ್ಟೆ ಹಿಡಿದು ಎಳೆದುಕೊಂಡರು. ನೋಡಿದರೆ, ಶಿವಮೊಗ್ಗದ ನೆಂಟರ ಮನೆಯಿಂದ ವಾಪಸು ಹೊರಟಿದ್ದ ಅವರ ಸ್ಕೂಲಿನ ಹೆಡ್‌ಮೇಷ್ಟ್ರು ಮೂರ್ತಪ್ಪನವರು!

ಬೈಗುಳಕ್ಕೆ ಮೇಷ್ಟ್ರು ತಲೆ ತಗ್ಗಿಸಿದರು. ಬೈಗುಳ ಬರಲಿಲ್ಲ. ಮೂರ್ತಪ್ಪನವರು ದನದ ಸಂತೆಯಲ್ಲಿ ಹೋರಿ ನೋಡುವವರ ಹಾಗೆ ಅವರ ಕಾಲುಗಳನ್ನೇ ನೋಡುತ್ತಿದ್ದರು.

"ಅಲ್ರೀ ಓಂಕಾರಪ್ಪನೋರೇ, ಇಷ್ಟು ದಿನ ಈ ಕಾಲನ್ನ ಎಲ್ಲಿ ಬಚ್ಚಿಟ್ಟಿದ್ರಿ?"

"ಪಂಚೆ ಒಳಗೇ ಇದ್ವು ಸಾರ್" ಎಂದರು ಮೇಷ್ಟ್ರು, ಏದುಸಿರು ಬಿಡುತ್ತ.

ವಿಷಯ ಇಷ್ಟು. ಇನ್ನು ಮೂರು ವಾರಕ್ಕೆ ಶಿವಮೊಗ್ಗದಲ್ಲಿ ಪ್ರೈಮರಿ ಸ್ಕೂಲುಗಳ ಆಟೋಟದ ಸ್ಪರ್ಧೆ. ಇವರ ಸ್ಕೂಲಿಗೆ ಒಂಬತ್ತು ವರ್ಷದಿಂದ ಒಂದು ಸೋಪಿನ ಡಬ್ಬಿಯೂ ಬಹುಮಾನವಾಗಿ ಬಂದಿರಲಿಲ್ಲ. ಡ್ರಿಲ್ ಮೇಷ್ಟ್ರು ಮಂಗನಬಾವು ಬಂದು ಕೆನ್ನೆ ಊದಿಸಿಕೊಂಡು ಮಲಗಿದ್ದರು.

"ಮಕ್ಕಳಿಗೆ ಓಟ ಕಲಿಸೋ ಕೆಲಸ ನಿಮ್ದು."

"ಸಾರ್, ನನಗೆ ಓಟದ ಗಂಧವೇ ಗೊತ್ತಿಲ್ಲ. ನಾನು ಕಲಿಸೋದು ಮಗ್ಗಿ."

"ಕಣ್ಣಾರೆ ಕಂಡಿದೀನಿ, ಸುಳ್ಳು ಹೇಳ್ಬೇಡಿ ಮಾರಾಯ್ರೇ. ಒಂದೇ ಒಂದು ಬಹುಮಾನ ತನ್ನಿ. ಶಿವಮೊಗ್ಗಕ್ಕೆ ವರ್ಗ ಕೇಳಿದೀರಲ್ಲ, ಆ ಅರ್ಜಿಗೆ ನಾನೇ ಶಿಫಾರಸು ಬರೀತೀನಿ."

ಮೇಷ್ಟ್ರು ತಲೆಯಾಡಿಸಿ ಒಪ್ಪಿಕೊಂಡರು. ಅದು ಅವರ ಎಂಟನೆಯ ಅರ್ಜಿ. ಎಂಟನ್ನೂ ಹೆಂಡತಿ ಬಸವರಾಜೇಶ್ವರಿ ಎದುರು ಕೂತು ಹೇಳಿ ಬರೆಸಿದ್ದಳು. "ಈ ಸಲ ಆಗದಿದ್ರೆ ನಾನೇ ಹೋಗಿ ಸಾಹೇಬರ ಮುಂದೆ ಕೂಸನ್ನ ಮಲಗಿಸ್ತೀನಿ" ಎಂದಿದ್ದಳು.

ಹೀಗೆ ಓಂಕಾರಪ್ಪನವರು ಓಟದ ಗುರುಗಳಾದರು. ಆದರೆ ಕಲಿಸುವುದೇನು? ಅವರಿಗೆ ಗೊತ್ತಿದ್ದ ಓಟ ಒಂದೇ, ಹೊರಟುಹೋಗುವ ರೈಲನ್ನು ಹಿಡಿಯುವ ಓಟ. ಅದನ್ನೇ ಕಲಿಸಿದರು.

ಸಂಜೆ ನಾಲ್ಕಕ್ಕೆ ಸ್ಕೂಲಿನ ಬಯಲಿನಲ್ಲಿ ಐದು ಗಂಡುಮಕ್ಕಳು, ಒಬ್ಬ ಹುಡುಗಿ ಸಾಲಾಗಿ ನಿಲ್ಲುವರು. ಜವಾನ ಹುಲಿಯಪ್ಪ ಸೈಕಲ್ ಹತ್ತುವನು. ಅದೇ ಕೊನೆಯ ಡಬ್ಬಿ, ಅದರ ಕ್ಯಾರಿಯರ್ರೇ ಹಿಡಿ. ಮೇಷ್ಟ್ರು ಹಸಿರು ಬಟ್ಟೆ ಆಡಿಸಿ ಸೀಟಿ ಊದುವರು.

"ಗಾರ್ಡು ಸೀಟಿ ಊದಿದ! ಹಿಂದೆ ನೋಡಬಾರದು! ಯಾರು ಕರೆದ್ರೂ ನಿಲ್ಲಬಾರದು! ಹಿಡಿ ಮೇಲೇ ಕಣ್ಣು!"

ಮೊದಲ ವಾರ ಕಾರ್ಖಾನೆಯ ಸೈರನ್ ಕೂಗಿದರೂ ಅದೇ ಗಾರ್ಡಿನ ಸೀಟಿ ಎಂದುಕೊಂಡು ಮಕ್ಕಳು ಓಡುತ್ತಿದ್ದರು. ಪಾಳಿ ಮುಗಿಸಿ ಬರುವ ಕೆಲಸಗಾರರು ಬೇಲಿಯ ಪಕ್ಕ ನಿಂತು ತಮಿಳಿನಲ್ಲೂ ತೆಲುಗಿನಲ್ಲೂ ಸಲಹೆ ಕೊಟ್ಟರು. ಹೊಲಿಗೆ ಕಲಿಸುವ ಶೇಷಮ್ಮನವರು, "ಕಾಲಿಗೆ ಹರಳೆಣ್ಣೆ ಹಚ್ಚಿಸಿ ಮೇಷ್ಟ್ರೇ" ಎಂದು ಹಚ್ಚಿಸಿಯೂಬಿಟ್ಟರು. ಆ ದಿನ ಆರೂ ಮಕ್ಕಳು ಜಾರಿ ಬಿದ್ದರು.

ಆದರೂ ಮೇಷ್ಟ್ರಿಗೆ ಒಂದು ಸಂಗತಿ ಕಂಡಿತು. ಆ ಒಬ್ಬಳೇ ಹುಡುಗಿ, ಎರಡನೇ ಕ್ಲಾಸಿನ ಚೌಡಮ್ಮ, ಸೀಟಿ ಊದಿದರೆ ಸಾಕು, ಮೊಲದ ಮರಿಯ ಹಾಗೆ ನೆಗೆದು ಹುಲಿಯಪ್ಪನ ಕ್ಯಾರಿಯರ್ ಹಿಡಿದುಬಿಡುತ್ತಿದ್ದಳು. ಎರಡು ಸಲ ಅವನನ್ನು ಸೈಕಲ್ ಸಮೇತ ಕೆಡವಿಯೂ ಇದ್ದಳು. ಮಗ್ಗಿ ಹೇಳು ಎಂದರೆ ಕಂಬದ ಹಿಂದೆ ಅವಿತುಕೊಳ್ಳುತ್ತಿದ್ದ ಹುಡುಗಿ ಈಗ ಮೇಷ್ಟ್ರು ಕಾಣುತ್ತಲೇ, "ಸಾ, ಗಾಡಿ ಎಷ್ಟೊತ್ತಿಗೆ?" ಎಂದು ಹಲ್ಲು ಬಿಡುತ್ತಿದ್ದಳು.

ಎರಡನೇ ವಾರ ಅವಳು ಬರಲಿಲ್ಲ. ಮೇಷ್ಟ್ರು ಹುಡುಕಿಕೊಂಡು ಹೋದರು. ಅಪ್ಪ ಬೀರಪ್ಪ ಎತ್ತಿನ ಗಾಡಿ ಹೊಡೆಯುವವನು. ಗಾಡಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದ.

"ಸ್ಕೂಲು ಬಿಡಿಸಿದೀನಿ ಮೇಷ್ಟ್ರೇ. ಅವ್ವ ಕೂಲಿಗೆ ಹೋಗ್ತಾಳೆ, ಸಣ್ಣವನ್ನ ನೋಡ್ಕಳಾಕೆ ಜನ ಬೇಕಲ್ಲ. ಹೆಣ್ಣುಡ್ಗಿ ಓಡಿ ಯಾವ ಊರು ಸೇರಬೇಕೈತೆ?"

ಮೇಷ್ಟ್ರಿಗೆ ವಾದ ಮಾಡಿ ಗೊತ್ತಿಲ್ಲ. ಅರ್ಧ ಗಂಟೆ ಗಾಡಿಯ ಪಕ್ಕ ಸುಮ್ಮನೆ ನಿಂತರು. ಕೊನೆಗೆ ಬೀರಪ್ಪನೇ ಮುಜುಗರಪಟ್ಟುಕೊಂಡು, "ಆಯ್ತು ಬಿಡಿ. ಬಹುಮಾನ ತಂದ್ರೆ ಓದಲಿ. ತರದಿದ್ರೆ ಮನೇಲಿರಲಿ" ಎಂದ.

ಅಲ್ಲಿಂದ ವಾಪಸು ಬರುವಾಗ ಮೇಷ್ಟ್ರ ತಲೆಯಲ್ಲಿ ವರ್ಗದ ಯೋಚನೆಗಿಂತ ಚೌಡಮ್ಮನ ಯೋಚನೆಯೇ ಹೆಚ್ಚಿತ್ತು. ಆಟೋಟದ ದಿನ ಅವರು ಬೆಳಿಗ್ಗೆ ಮೊದಲ ಗಾಡಿಗೆ ಭದ್ರಾವತಿಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಮುಂದಿನ ಗಾಡಿಗೆ ಶಿವಮೊಗ್ಗಕ್ಕೆ ಬಂದರು. ಜೊತೆಗೆ ಮೂರ್ತಪ್ಪನವರು, ಶೇಷಮ್ಮನವರು, ಮಕ್ಕಳ ಅಪ್ಪ ಅವ್ವಂದಿರು. ಬೀರಪ್ಪನೂ ಹೆಂಡತಿ ಹುಚ್ಚಮ್ಮನನ್ನು ಕರೆದುಕೊಂಡು ಬಂದಿದ್ದ. ಮೈದಾನದ ಹೊಂಗೆಮರದ ಕೆಳಗೆ ಬಸವರಾಜೇಶ್ವರಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಆಗಲೇ ಕೂತಿದ್ದಳು. "ಗೆದ್ದೇ ಬನ್ನಿ" ಎಂದು ಗಂಡನಿಗೆ ಕಣ್ಣಲ್ಲೇ ಹೇಳಿದಳು.

ಮೊದಲ ಪೆಟ್ಟು ಕೊಟ್ಟವರು ಶೇಷಮ್ಮನವರು. ಶಕ್ತಿ ಬರಲಿ ಎಂದು ಮನೆಯಿಂದ ಕೊಡಪಾನ ತುಂಬ ಬೆಲ್ಲದ ಪಾನಕ ತಂದಿದ್ದರು. ಐದು ಗಂಡುಮಕ್ಕಳೂ ತಲಾ ಮೂರು ಲೋಟ ಕುಡಿದರು. ಓಟ ಶುರುವಾದಾಗ ಅವರ ಹೊಟ್ಟೆಗಳು ಅರ್ಧ ತುಂಬಿದ ಬಿಂದಿಗೆಯ ಹಾಗೆ ಗಳಗಳ ಎಂದವು. ಇಬ್ಬರು ಕೊನೆಯವರಾಗಿ ಬಂದರು, ಇಬ್ಬರು ನಡುದಾರಿಯಲ್ಲಿ ಕೂತರು. ಐದನೆಯವನು ಎಲ್ಲರಿಗಿಂತ ಜೋರಾಗಿ ಓಡಿದ, ಆದರೆ ಬೇಲಿಯ ಕಡೆಗೆ.

"ಪಾನಕ ಸ್ವಲ್ಪ ತೆಳ್ಳಗಾಯ್ತೇನೋ" ಎಂದರು ಶೇಷಮ್ಮ.

ಉಳಿದವಳು ಚೌಡಮ್ಮ. ಹೆಣ್ಣುಮಕ್ಕಳ ನೂರು ಗಜದ ಓಟ. ಎಂಟು ಹುಡುಗಿಯರು ಸುಣ್ಣದ ಗೆರೆಯ ಮೇಲೆ ನಿಂತರು. ಓಟ ಬಿಡುವವರು ಪಟಾಕಿ ಪಿಸ್ತೂಲು ಮೇಲೆತ್ತಿದರು. ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ಗಾಡಿಯೊಂದು ಕೂಗಿತು.

ಚೌಡಮ್ಮ ಹಾರಿದಳು. ಅವಳನ್ನು ಐವತ್ತು ಗಜದಾಚೆ ಹಿಡಿದು ತಂದರು. ಮತ್ತೆ ನಿಲ್ಲಿಸಿ ಪಿಸ್ತೂಲು ಢಂ ಎನ್ನಿಸಿದರೆ, ಏಳು ಹುಡುಗಿಯರು ಓಡಿದರು, ಚೌಡಮ್ಮ ಕದಲಲಿಲ್ಲ. ಓಡಿದವರಲ್ಲಿ ನಾಲ್ವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದದ್ದರಿಂದ ಅದೃಷ್ಟಕ್ಕೆ ಆ ಓಟವೂ ರದ್ದಾಯಿತು.

"ಯಾಕಮ್ಮ ನಿಂತೆ?" ಎಂದು ಓಟ ಬಿಡುವವರು ಗದರಿದರು.

"ಗಾರ್ಡು ಸೀಟಿ ಊದಿಲ್ಲ ಸಾ."

"ಯಾವ ಗಾರ್ಡು? ಈ ಹುಡುಗೀನ ಹೊರಗೆ ಕಳಿಸಿ!"

ಓಂಕಾರಪ್ಪನವರು ಹಗ್ಗ ದಾಟಿ ಓಡಿಬಂದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು, ರೈಲು, ಗಾರ್ಡು, ಹುಲಿಯಪ್ಪನ ಸೈಕಲ್, ಬೀರಪ್ಪನ ಮಾತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಸ್ಕೂಲುಗಳ ಇನ್‌ಸ್ಪೆಕ್ಟರ್ ತ್ರಿವಿಕ್ರಮರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸೀಟಿ ಊದಿಯೇ ಬಿಡ್ರೀ. ಎಲ್ಲರಿಗೂ ಒಂದೇ ಸೀಟಿ ತಾನೆ?"

ಮೇಷ್ಟ್ರು ಕೈಮುಗಿದರು. ಅಷ್ಟರಲ್ಲಿ ಚೌಡಮ್ಮ ಅವರ ಕೋಟು ಜಗ್ಗಿದಳು.

"ಸಾ, ಡಬ್ಬಿ ಎಲ್ಲೈತೆ?"

ಹೌದಲ್ಲ! ಹುಲಿಯಪ್ಪನೂ ಇಲ್ಲ, ಸೈಕಲ್ಲೂ ಇಲ್ಲ. ಮೇಷ್ಟ್ರು ಸುತ್ತ ನೋಡಿದರು. ಸಾವಿರ ಜನ. ಇನ್‌ಸ್ಪೆಕ್ಟರ್ ಸಾಹೇಬರು. ಹೆಂಡತಿ. ಅವರು ಪಂಚೆ ಎತ್ತಿ ಕಟ್ಟಿ, ಹಗ್ಗದಾಚೆ ಹೋಗಿ ನಿಂತರು. ಕೊಡೆಯನ್ನು ಹಿಂದಕ್ಕೆ ಚಾಚಿ, ಅದರ ಬಾಗಿದ ಹಿಡಿಯನ್ನು ಅವಳಿಗೆ ತೋರಿಸಿದರು.

"ನಾನೇ ಕೊನೇ ಡಬ್ಬಿ ಕಣಮ್ಮ!"

ಸೀಟಿ ಕೂಗಿತು. ಮೇಷ್ಟ್ರು ಹಗ್ಗದ ಪಕ್ಕ ಕೊಡೆ ಚಾಚಿಕೊಂಡು ಓಡಿದರು, ಚೌಡಮ್ಮ ಆ ಹಿಡಿಯ ಮೇಲೆ ಕಣ್ಣಿಟ್ಟು ಓಡಿದಳು. ಮೈದಾನವೇ ಎದ್ದು ನಿಂತಿತು. ಮೇಷ್ಟ್ರ ಟೋಪಿ ಹಾರಿಹೋಯಿತು, ಚಪ್ಪಲಿಗಳು ಒಂದೊಂದು ದಿಕ್ಕಿಗೆ ಹೋದವು. ಚೌಡಮ್ಮ ಎದೆಯಲ್ಲಿ ಟೇಪು ಕಡಿದುಕೊಂಡು ಎಲ್ಲರಿಗಿಂತ ಐದು ಗಜ ಮುಂದೆ ಬಂದಳು. ಬಂದವಳು ನಿಲ್ಲಲಿಲ್ಲ. ಹಗ್ಗ ನುಸುಳಿ ಹೋಗಿ ಕೊಡೆಯ ಹಿಡಿ ಹಿಡಿದು ಜಗ್ಗಿದಳು. ಗೆರೆ ಹಾಕಲು ಇಟ್ಟಿದ್ದ ಸುಣ್ಣದ ಪುಟ್ಟಿಯ ಮೇಲೆ ಮೇಷ್ಟ್ರು ದೊಪ್ಪೆಂದು ಬಿದ್ದರು. ಎದ್ದಾಗ ಅಡಿಯಿಂದ ಮುಡಿಯವರೆಗೆ ವಿಭೂತಿ ಧರಿಸಿದವರ ಹಾಗಿದ್ದರು.

"ಸಾ, ಗಾಡಿ ಸಿಕ್ತು!" ಎಂದಳು ಚೌಡಮ್ಮ.

ಮೇಷ್ಟ್ರಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಸುಣ್ಣದ ಮುಖದ ಮೇಲೆ ಎರಡು ಗೆರೆ ಮೂಡಿದವು.

ಚೌಡಮ್ಮನಿಗೆ ಒಂದು ಹಿತ್ತಾಳೆ ಬಟ್ಟಲು ಬಂತು. ಬೀರಪ್ಪ ಅದನ್ನು ತಿರುವಿ ತಿರುವಿ ನೋಡಿದ. ಮೇಷ್ಟ್ರ ಕಾಲು ಮುಟ್ಟಲು ಬಗ್ಗಿದವನನ್ನು ಅವರು ಹಿಡಿದು ನಿಲ್ಲಿಸಿದರು.

"ನಮ್ಮ ವಂಶದಾಗೆ ಯಾರೂ ಸಭೇಲಿ ಹೆಸರು ಕೂಗಿಸ್ಕಂಡಿಲ್ಲ ಮೇಷ್ಟ್ರೇ. ಚೌಡಿ ಓದಲಿ. ನಿಮ್ಮ ಕೈಯಾಗೆ ಹಾಕಿದೀನಿ."

ಮೂರ್ತಪ್ಪನವರು ಮೇಷ್ಟ್ರ ಬೆನ್ನು ತಟ್ಟಿದರು. ಸುಣ್ಣ ಮೋಡದ ಹಾಗೆ ಎದ್ದಿತು. "ಶಿಫಾರಸು ಹೋದ ವಾರವೇ ಬರೆದುಕೊಟ್ಟಿದೀನಿ, ನಿಮ್ಮ ಶ್ರದ್ಧೆ ನೋಡಿ. ಆರ್ಡರು ಸಾಹೇಬರ ಚೀಲದಲ್ಲೇ ಇದೆ. ಹೋಗಿ ಮುಖ ತೊಳ್ಕೊಂಡು ಬನ್ನಿ."

ಓಂಕಾರಪ್ಪನವರು ನಲ್ಲಿಯ ಕೆಳಗೆ ತಲೆ ಕೊಟ್ಟು, ತಮಗಿಂತ ಸುಖಿ ಲೋಕದಲ್ಲಿ ಇಲ್ಲ ಎಂದುಕೊಂಡರು. ಸುಣ್ಣ ಬಿಡಿಸಲು ಕಾಲು ಗಂಟೆ ಹಿಡಿಯಿತು. ಆ ಕಾಲು ಗಂಟೆಯಲ್ಲೇ ಎಲ್ಲ ಮುಗಿದುಹೋಗಿತ್ತು.

ತ್ರಿವಿಕ್ರಮರಾಯರು ಅವರನ್ನು ಕರೆದು ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು. ಅವರ ಕಣ್ಣುಗಳೂ ಒದ್ದೆಯಾಗಿದ್ದವು.

"ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ ಓಂಕಾರಪ್ಪನೋರೇ. ನಿಮ್ಮ ವರ್ಗದ ಆರ್ಡರು ತಂದಿದ್ದೆ. ವಿಷಯ ಹ್ಯಾಗೋ ತಿಳಿದು ಅಪ್ಪ ಅವ್ವಂದಿರೆಲ್ಲ ಬಂದು ಸುತ್ತುಗಟ್ಟಿದ್ರು. 'ನಮ್ಮ ಮೇಷ್ಟ್ರನ್ನ ಕಳಿಸ್ಬೇಡಿ' ಅಂತ ಅರ್ಜಿ ಕೊಟ್ರು. ನಾನೂ ಮನುಷ್ಯ ಅಲ್ವೇ? ಆರ್ಡರು ಹರಿದು ಹಾಕಿದೆ. ಪುಣ್ಯವಂತರಪ್ಪ ನೀವು!"

ಮೇಷ್ಟ್ರ ಬಾಯಿಂದ, "ಉಪಕಾರವಾಯ್ತು ಸಾರ್" ಎಂಬ ಮಾತು ಅಭ್ಯಾಸಬಲದಿಂದ ಹೊರಬಿತ್ತು.

"ನೋಡಿ ಬೇಕಾದ್ರೆ."

ಅರ್ಜಿ ಶೇಷಮ್ಮನವರ ದುಂಡು ಅಕ್ಷರದಲ್ಲಿತ್ತು. ಕೆಳಗೆ ನೇರಳೆ ಮಸಿಯಲ್ಲಿ ಹನ್ನೊಂದು ಹೆಬ್ಬೆಟ್ಟು. ಎಲ್ಲಕ್ಕಿಂತ ಮೇಲೆ ಒಂದೇ ಒಂದು ಸಹಿ. ಆ ಸಹಿಯನ್ನು ಮೇಷ್ಟ್ರು ಮೂರು ಸಲ ಓದಿದರು. ಬಸವರಾಜೇಶ್ವರಿ!

ಅವರು ನೇರ ಹೊಂಗೆಮರದ ಕೆಳಗೆ ಹೋದರು.

"ಏನೇ ಇದು? ಓದದೆ ಸಹಿ ಹಾಕಿದ್ಯಾ?"

"ಓದಿದೆ. ಎರಡು ಸಲ ಓದಿದೆ" ಎಂದಳು ಹೆಂಡತಿ, ಕೂಸಿನ ಟೋಪಿ ಸರಿಮಾಡುತ್ತ. "ಆ ಹುಚ್ಚಮ್ಮ ನನ್ನ ಕೈ ಹಿಡ್ಕೊಂಡು ಕೂತಿದ್ಲು ರೀ. 'ಈ ಮೇಷ್ಟ್ರು ಹೋದ್ರೆ ನನ್ನ ಗಂಡ ನಾಳೆಗೇ ಹುಡುಗೀನ ಬಿಡಿಸ್ತಾನೆ ಕಣವ್ವ' ಅಂದ್ಲು. ನನ್ನ ಮಡಿಲಲ್ಲಿ ಇವಳು ನನ್ನ ಮುಖಾನೇ ನೋಡ್ತಿದ್ಲು. ಇಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ."

"ಮತ್ತೆ ಎಂಟು ಅರ್ಜಿ ಬರೆಸಿದ್ದು?"

"ಒಂಬತ್ತನೇದೂ ಬರೆಸ್ತೀನಿ. ಆ ಹುಡುಗಿ ನಾಲ್ಕನೇ ಕ್ಲಾಸು ಪಾಸಾಗ್ಲಿ."

ಮೇಷ್ಟ್ರು ಬೆರಳು ಮಡಿಚಿ ಲೆಕ್ಕ ಹಾಕಿದರು. ಈ ವರ್ಷ ಮುಗಿದ ಮೇಲೆ ಇನ್ನೆರಡು ವರ್ಷ. ಸಿಟ್ಟು ಬರಿಸಿಕೊಳ್ಳಲು ನೋಡಿದರು, ಬರಲಿಲ್ಲ. ಎದೆಯಲ್ಲಿ ಏನೋ ಬೆಚ್ಚಗಿತ್ತು. ಎರಡು ವರ್ಷ ತಾನೆ, ಕಣ್ಣುಮುಚ್ಚಿ ತೆರೆಯುವುದರಲ್ಲಿ ಕಳೆದುಹೋಗುತ್ತದೆ ಎಂದುಕೊಂಡು ಹೆಂಡತಿಯ ಪಕ್ಕ ಕೂತರು.

ಅಷ್ಟರಲ್ಲಿ ಹುಚ್ಚಮ್ಮ ಬಂದು, ಸೆರಗಿನಿಂದ ಕಣ್ಣೊರೆಸಿಕೊಂಡು ಕೈಮುಗಿದಳು.

"ನಿಮ್ಮ ಋಣ ಎಂಗೆ ತೀರಿಸ್ಲಿ ಮೇಷ್ಟ್ರೇ? ನನ್ನ ಗಂಡನೂ ಒಪ್ಪಿದಾನೆ. ಚೌಡಿ ಹಿಂದೆ ಇನ್ನೂ ಮೂರು ಹೆಣ್ಣೈದಾವೆ. ಒಂದೊಂದಾಗಿ ಎಲ್ಲಾನೂ ನಿಮ್ಮ ತಾವೇ ಬಿಡ್ತೀವಿ!"