ಖಾರಾ ಭಟ್ಟಿಯ ಹಿಂದಿನ ಮೋಟಾರು

ಮೋಟಾರು ಓಡಿಸುವವನು ನಗೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆಗಾಲ ಹಿಡಿದರೆ ಸಾಕು, ಅದು ತಾನೇ ಬಂದು ಮುಂದಿನ ಸೀಟಿನಲ್ಲಿ ಕೂರುತ್ತದೆ. ಐವತ್ತರ ದಶಕದ ಕೊನೆಯಲ್ಲಿ ನಾನು ಸವಣೂರಿನ ಒಬ್ಬ ವೀಳ್ಯದೆಲೆ ವ್ಯಾಪಾರಿಯ ಕಾರಿಗೆ ಡ್ರೈವರ್ ಆಗಿದ್ದೆ. ಊರಿನಲ್ಲಿ ಮೋಟಾರು ಇದ್ದದ್ದೇ ಬೆರಳೆಣಿಕೆ. ಅದರಲ್ಲಿ ನಮ್ಮದು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಹೊಳೆಸುತ್ತಿದ್ದವನು ನಾನೇ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಒಂದು ವರ್ಷ ಮಳೆ ಶುರುವಾಗುತ್ತಲೇ ಸಾವಕಾರರು ಕರೆದರು. "ಹ್ವಾದ ವರ್ಷ ತುಕ್ಕು ಹಿಡೀತು. ಈ ವರ್ಷಾನೂ ಹಿಡೀತಂದ್ರ ಮಾರಿಬಿಡ್ತೇನಿ. ನೀ ಮತ್ತ ಚಕ್ಕಡಿ ಹೊಡಿ" ಅಂದರು. ಸ್ಟೇರಿಂಗ್ ಹಿಡಿದ ಕೈ ಮತ್ತೆ ಎತ್ತಿನ ಬಾಲ ತಿರುವಬೇಕೇ? ಅವತ್ತು ನನಗೆ ಅನ್ನ ಸೇರಲಿಲ್ಲ.

೧. ಎಲೆಯ ಕೋಣೆ

ಮೊದಲ ಉಪಾಯ ಸಾವಕಾರರದೇ. ವೀಳ್ಯದೆಲೆ ಇಡುವ ಅವರ ಕೋಣೆ ಸದಾ ತಣ್ಣಗೆ. ಎಲೆಯ ಮೇಲೆ ದಿನಾ ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸುತ್ತಿದ್ದರು.

"ಎಂಟು ದಿನ ಇಟ್ರೂ ಎಲಿ ಬಾಡೂದಿಲ್ಲ. ಮೋಟಾರೂ ಹಂಗ ತಾಜಾ ಇರ್ತೈತಿ. ಒಳಗ ಹಾಕು."

"ಎಲಿಗೆ ತಂಪು ಬೇಕ್ರಿ ಸಾವಕಾರ್ರ, ಕಬ್ಬಿಣಕ್ಕ ಬ್ಯಾಡ್ರಿ."

"ಹುಟ್ಟಿದಾಗಿಂದ ಎಲಿ ಕಾದೇನಿ. ನನಗ ಹೇಳ್ತಿಯೇನು?"

ಎಂಟನೇ ದಿನ ಕಾರಿನ ಬಾಗಿಲು ತೆಗೆದರೆ ಸೀಟಿನ ತುಂಬ ಬೂಷ್ಟು. ಸಾವಕಾರರು ಅದರ ಮೇಲೆ ಬೆರಳಾಡಿಸಿ ಕೇಳಿದರು: "ಎಲಿ ತಾಜಾ ಅದಾವ?"

"ಅದಾವ್ರಿ."

"ಮತ್ತ! ಕೋಣಿದೇನೂ ತಪ್ಪಿಲ್ಲ" ಎಂದು ಹೊರಟೇಬಿಟ್ಟರು.

೨. ಪರೀಕ್ಷೆಯ ಖಾರಾ

ಎರಡನೆಯ ಉಪಾಯ ನನ್ನದು. ಸೇವು, ಕಾಳು ಬೆರೆಸಿದ ಖಾರಾ ಕರಿಯುವ ಚಾಚಾನ ಭಟ್ಟಿಯ ಹಿಂದೆ ಒಂದು ಖಾಲಿ ಕೋಣೆ ಇತ್ತು. ಭಟ್ಟಿಯ ಕಾವಿಗೆ ಅದರ ಗೋಡೆ ಆಷಾಢದಲ್ಲೂ ಬೆಚ್ಚಗೆ. ಬೆಂಕಿಯ ಭಯಕ್ಕೆ ಪೆಟ್ರೋಲೆಲ್ಲ ಖಾಲಿ ಮಾಡಿ, ಬೂಷ್ಟು ಒರೆಸಿ ಮೋಟಾರನ್ನು ಅಲ್ಲಿಗೆ ತಳ್ಳಿದೆವು.

"ಒಳಗ ಥಂಡಿ ಐತೋ ಇಲ್ಲೋ ಹೆಂಗ ಗೊತ್ತಾಗಬೇಕು ಚಾಚಾ?"

ಚಾಚಾ ಬಿಸಿ ಖಾರಾ ಒಂದು ಮುಷ್ಟಿ ತಟ್ಟೆಗೆ ಹಾಕಿಕೊಟ್ಟ. "ಸೀಟಿನ ಮ್ಯಾಲಿಡು ತಮ್ಮಾ. ಮುಂಜಾನಿ ತಿಂದು ನೋಡು. ಗರಿಗರಿ ಇದ್ರ ಗಾಡಿ ಒಣಗೇತಿ. ಮೆತ್ತಗಾಗಿದ್ರ ಭಟ್ಟಿ ಕಡೀ ಕಿಡಕಿ ತಗಿ, ಕಾವು ಬರ್ತೈತಿ."

ಅಂದಿನಿಂದ ದಿನಾ ಮುಂಜಾನೆ ನನಗೆ ಅದೇ ಪರೀಕ್ಷೆ. ಒಂದು ದಿನ ಸಾವಕಾರರು ತುಕ್ಕು ಹುಡುಕಲು ಬಂದು, ಸೀಟಿನ ಮೇಲೆ ಕೂತು, ಮಾತಾಡುತ್ತಲೇ ತಟ್ಟೆ ಖಾಲಿ ಮಾಡಿದರು. ನನ್ನ ಜೀವ ಹೋಯಿತು.

"ಸಾವಕಾರ್ರ, ಅದು ಗಾಡಿ ಒಣಗೇತೋ ಇಲ್ಲೋ ನೋಡೂ ಖಾರಾ!"

"ಗಾಡಿ ಭಾಳ ಚಲೋ ಐತಿ" ಅಂದರು ತುಟಿ ಒರೆಸಿಕೊಳ್ಳುತ್ತ. "ನಾಳೆ ಉಳ್ಳಾಗಡ್ಡಿ ಹಾಕಿಡು."

೩. ಹಿರೇಕೆರೂರಿನ ಗಿರಾಕಿ

ಆದರೆ ಬೂಷ್ಟು ಕಂಡ ದಿನವೇ ಅವರು ಮೋಟಾರು ಮಾರುವುದಾಗಿ ಹಿರೇಕೆರೂರಿನ ಹತ್ತಿ ವ್ಯಾಪಾರಿಗೆ ಹೇಳಿಕಳಿಸಿದ್ದರು. ಜಿಟಿಜಿಟಿ ಮಳೆಯಲ್ಲಿ ಆತ ತನ್ನದೇ ಕಾರಿನಲ್ಲಿ ಬಂದಿಳಿದ.

"ಮಳಿಗಾಲದಾಗ ನಿಂತ ಗಾಡಿ. ಚಾಲೂ ಆಗ್ತೈತೇನು?"

ಗಾಡಿಯನ್ನು ಅಂಗಳಕ್ಕೆ ತಳ್ಳಿ ಪೆಟ್ರೋಲ್ ಹಾಕಿದೆ. ಚಾಚಾ ಕರಿಯುವ ಜಾಲರಿ ಹಿಡಿದೇ ಹೊರಗೆ ಬಂದು ನಿಂತ. ಕಂಡ ದೇವರಿಗೆಲ್ಲ ಕೈಮುಗಿದು ಗಾಡಿಯ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿದೆ. ಒಂದೇ ಸುತ್ತು! ಮೋಟಾರು ಗುರ್ರೆಂದಿತು. ನನ್ನ ಕಣ್ಣಲ್ಲಿ ನೀರು ಬಂತು. ಭಟ್ಟಿಯ ಹೊಗೆ ಎಂದು ಒರೆಸಿಕೊಂಡೆ.

ವ್ಯಾಪಾರಿ ಬಗ್ಗಿ ಮೂಸಿದ, ತಟ್ಟಿದ, ಸುತ್ತು ಹೊಡೆದ. ಎಲ್ಲೂ ತುಕ್ಕಿಲ್ಲ. "ಎಲ್ಲಿ ಇಟ್ಟಿದ್ರಿ ಇದನ್ನ?"

"ನಂದೇ ಉಪಾಯ" ಅಂದರು ಸಾವಕಾರರು. ನಾನೂ ಚಾಚಾನೂ ಮುಖ ಮುಖ ನೋಡಿಕೊಂಡೆವು. "ನೋಡಿ ಹೇಳ್ತೇನಿ" ಎಂದು ವ್ಯಾಪಾರಿ ಬಿಗುಮಾನದಿಂದ ತನ್ನ ಕಾರು ಹತ್ತಿದ. ಅದು ಕೆಮ್ಮಿತು, ನಡುಗಿತು, ಸುಮ್ಮನಾಯಿತು. ಎಂಟು ಮಂದಿ ತಳ್ಳಿದರೂ ಏಳಲಿಲ್ಲ. ಕಡೆಗೆ ಹಾನಗಲ್ಲಿನ ಮೋಟಾರು ಮೇಸ್ತ್ರಿಯವರೆಗೆ ಅದನ್ನು ಎಳೆದೊಯ್ಯಲು ನಮ್ಮ ಮೋಟಾರಿಗೇ ಹಗ್ಗ ಕಟ್ಟಿದೆವು.

ವ್ಯಾಪಾರಿ ಕಿಡಕಿಯಿಂದ ತಲೆ ಹೊರಹಾಕಿದ. "ಆತು, ನಿಮ್ಮ ಗಾಡಿ ತಗೋತೇನಿ. ಡ್ರೈವರನ್ನೂ ಕೊಟ್ಟುಬಿಡ್ರಿ!"

ಸಾವಕಾರರು ಹಗ್ಗದ ಗಂಟು ಜಗ್ಗಿ ನೋಡಿದರು, ನನ್ನ ಮುಖ ನೋಡಿದರು, ರುಮಾಲು ಸರಿಮಾಡಿಕೊಂಡರು.

"ಗಾಡೀನೂ ಕೊಡೂದಿಲ್ಲ, ಡ್ರೈವರನ್ನೂ ಕೊಡೂದಿಲ್ರಿ. ಇಷ್ಟು ದೂರ ಬಂದೀರಿ, ಬರಿಗೈಲೆ ಹೋಗಬ್ಯಾಡ್ರಿ. ಚಾಚಾ, ಇವರಿಗೆ ಅರ್ಧ ಸೇರು ಖಾರಾ ಕಟ್ಟು!"